ಹತ್ತರ ಎಲೆ ಹಿಡಿದು ಕಾಲ್ ಮಾಡಿದವನು: ಪೋಕರ್ ಪಳಗಿದವರ ವಿಚಿತ್ರ ನಡೆಗಳ ಲೆಕ್ಕ

ಹೆಸರಾಂತ ಪೋಕರ್ ಆಟಗಾರರಾದ ಸ್ಟೂ ಉಂಗರ್ ಮತ್ತು ಮನ್ಸೂರ್ ಮತ್ಲೂಬಿ 1990ರ ದಶಕದ ಆರಂಭದಲ್ಲಿ ಎದುರುಬದುರು ಕೂತು ಆಡಿದ ಒಂದು ಕೈ ಪೋಕರ್ ಬಲ್ಲವರ ಬಾಯಲ್ಲಿ ಇವತ್ತಿಗೂ ಇದೆ. ಮೇಜಿನ ಮೇಲೆ ಬಿಚ್ಚಿದ್ದ ಐದು ಎಲೆ: 3, 3, 7, ರಾಜ, ರಾಣಿ. ಮತ್ಲೂಬಿ ತಮ್ಮ ಬಳಿ ಉಳಿದಿದ್ದ ಚಿಪ್ಪುಗಳನ್ನೆಲ್ಲ (ಹಣದ ಬದಲು ಬಳಸುವ ಬಿಲ್ಲೆಗಳು) ಮುಂದಕ್ಕೆ ತಳ್ಳಿದರು. ಉಂಗರ್ ಕೈಯಲ್ಲಿದ್ದದ್ದು 10 ಮತ್ತು 9. ಜೋಡಿಯಿಲ್ಲ, ಸಾಲಿಲ್ಲ. ಆದರೂ ಕಾಲ್ ಮಾಡಿದರು, ಅಂದರೆ ಅಷ್ಟೇ ಪಣ ತಾವೂ ಹಾಕಿ ಎಲೆ ತೋರಿಸಲು ಕರೆದರು. ಮತ್ಲೂಬಿ ತೋರಿಸಿದ್ದು 5 ಮತ್ತು 4. ಮೇಜಿನ ಮೇಲಿನ ಮೂರರ ಜೋಡಿ, ರಾಜ, ರಾಣಿ ಇಬ್ಬರಿಗೂ ಸೇರಿದ್ದು. ಉಂಗರ್ ಅವರ 10 ಗೆದ್ದಿತು.

ಇಂಥದ್ದನ್ನು ನೋಡಿದವರು ಎರಡೇ ಮಾತು ಹೇಳುತ್ತಾರೆ: ಮಹಾ ಜಾಣ, ಇಲ್ಲವೇ ಮಹಾ ಹುಂಬ. ಯಾವುದು ಸರಿ ಎಂಬುದನ್ನು ಬಿಚ್ಚಿದ ಎಲೆ ಹೇಳುವುದಿಲ್ಲ. ಹೇಳುವುದು ಕಾಲ್‌ನ ಬೆಲೆ, ಮತ್ತು ಎದುರಾಳಿ ಹಿಡಿದಿರಬಹುದಾದ ಎಲೆಗಳ ಇಡೀ ಪಟ್ಟಿ.

ಮೊದಲು ಬೆಲೆ. ಇವರು ಆಡಿದ ಪೋಕರ್ ಬಗೆಯಾದ ಟೆಕ್ಸಸ್ ಹೋಲ್ಡೆಮ್‌ನಲ್ಲಿ ಒಬ್ಬೊಬ್ಬರಿಗೂ ಎರಡು ಗುಟ್ಟಿನ ಎಲೆ. ಮೇಜಿನ ಮೇಲೆ ಮೊದಲು ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಪಾಟ್‌ನಲ್ಲಿ (ಅದುವರೆಗೆ ಸೇರಿದ ಪಣದ ರಾಶಿಯಲ್ಲಿ) 1,000 ಇದೆ, ಎದುರಾಳಿ 1,000 ಇಟ್ಟ ಎನ್ನಿ. ನೀವು 1,000 ಹಾಕಿದರೆ ಒಟ್ಟು 3,000. ಮೂರರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ಅಂದರೆ ಉಂಗರ್ ಅವರಂಥ ಕಾಲ್ ಮೂರರಲ್ಲಿ ಎರಡು ಸಲ ತಪ್ಪಾಗಿ, ನೋಡುವವರಿಗೆ ನಗೆಪಾಟಲಾಗಿ ಕಂಡೂ ಲೆಕ್ಕಕ್ಕೆ ಸರಿಯಾಗಿರಬಹುದು. ಎದುರಾಳಿ ಬಿಟ್ಟಿರುವುದು ಬ್ಲಫ್ (ಗಟ್ಟಿ ಎಲೆ ಇಲ್ಲದೆ ಇಟ್ಟ ಸುಳ್ಳು ಪಣ) ಆದರೆ, ಅದನ್ನು ಹಿಡಿಯಲು ಏಳರ ಜೋಡಿಯೂ ಒಂದೇ, ಬರೀ 10 ಕೂಡ ಒಂದೇ. ಷರತ್ತು ಒಂದಿದೆ: ಆ ಬ್ಲಫ್‌ಗಿಂತ ನಿಮ್ಮ ಎಲೆ ಮೇಲಿರಬೇಕು. ಮತ್ಲೂಬಿ ಗುಲಾಮ-10 ಹಿಡಿದು ಬ್ಲಫ್ ಮಾಡಿದ್ದರೆ, ಬ್ಲಫ್ ಎಂದು ಸರಿಯಾಗಿ ಊಹಿಸಿಯೂ ಉಂಗರ್ ಸೋಲುತ್ತಿದ್ದರು. ಆ ಕಾಲ್‌ನ ನಿಜವಾದ ಕಷ್ಟ ಇರುವುದು ಇಲ್ಲಿ. ‘ಇವನು ಸುಳ್ಳು ಹೇಳುತ್ತಿದ್ದಾನೆ’ ಎಂದಷ್ಟೇ ತಿಳಿದರೆ ಸಾಲದು, ಎಷ್ಟು ಸಣ್ಣ ಎಲೆ ಇಟ್ಟುಕೊಂಡು ಹೇಳುತ್ತಿದ್ದಾನೆ ಎಂಬುದೂ ತಿಳಿಯಬೇಕು.

ಇದೇ ಅಳತೆಗೋಲನ್ನು 2022ರ ಸೆಪ್ಟೆಂಬರ್ 29ರಂದು ಲಾಸ್ ಏಂಜಲೀಸ್ ಬಳಿ ನೇರ ಪ್ರಸಾರವಾದ ಒಂದು ಕೈಗೆ ಹಿಡಿದು ನೋಡೋಣ. ಟರ್ನ್ ಹೊತ್ತಿಗೆ ಮೇಜಿನ ಮೇಲೆ ಆಟೀನ್ 10, ಕಳಾವರ್ 10, ಕಳಾವರ್ 9, ಆಟೀನ್ 3. ಗ್ಯಾರೆಟ್ ಆಡಲ್‌ಸ್ಟೀನ್ ಕಳಾವರ್ 8-7 ಹಿಡಿದು ಆಲ್-ಇನ್ ಆದರು, ಅಂದರೆ ಇದ್ದ ಚಿಪ್ಪನ್ನೆಲ್ಲ ತಳ್ಳಿದರು. ರಾಬಿ ಜೇಡ್ ಲ್ಯೂ ಕಳಾವರ್ ಗುಲಾಮ ಮತ್ತು ಆಟೀನ್ 4 ಹಿಡಿದು, ಇನ್ನೂ 1,09,000 ಡಾಲರ್ ಹಾಕಿ ಕಾಲ್ ಮಾಡಿದರು. ಒಟ್ಟು ಪಾಟ್ 2,69,000 ಡಾಲರ್. ರಿವರ್ ಎಲೆಯನ್ನು, ಒಂದೊಂದಕ್ಕೆ ಅರ್ಧ ಪಾಟ್ ಎಂಬಂತೆ, ಎರಡು ಸಲ ತೆಗೆದರು, ಎರಡೂ ಸಲ ಲ್ಯೂ ಗೆದ್ದರು. ಮೋಸದ ಆರೋಪ ಎದ್ದಿತು. ಕಾರ್ಯಕ್ರಮದವರು ಮಾಡಿಸಿದ ತನಿಖೆಯಲ್ಲಿ ಅದಕ್ಕೆ ಪುರಾವೆ ಸಿಗಲಿಲ್ಲ. ನಮಗೆ ಬೇಕಾದದ್ದು ಲೆಕ್ಕ. 2,69,000ಕ್ಕೆ 1,09,000 ಎಂದರೆ ಶೇ 40.5 ಗೆಲುವು ಬೇಕು. ಈ ನಾಲ್ಕು ಕೈ ಎಲೆ, ನಾಲ್ಕು ಮೇಜಿನ ಎಲೆ ತೆಗೆದರೆ ಉಳಿಯುವ 44ರಲ್ಲಿ ಆಡಲ್‌ಸ್ಟೀನ್‌ಗೆ ಗೆಲುವು ಕೊಡುವವು 20: ಎಂಟು ಕಳಾವರ್ (ಬಣ್ಣ ಕೂಡುತ್ತದೆ, ಅಂದರೆ ಒಂದೇ ಬಣ್ಣದ ಐದು ಎಲೆ), ಬೇರೆ ಬಣ್ಣದ ಮೂರು ಗುಲಾಮ, ಮೂರು 6 (ಸಾಲು), ಮೂರು 8, ಮೂರು 7 (ಇನ್ನೊಂದು ಜೋಡಿ). ಉಳಿದ 24 ಲ್ಯೂ ಪಾಲಿಗೆ, ಅಂದರೆ ಶೇ 54.5. ಹಾಗಾದರೆ ಕಾಲ್ ಸರಿಯೇ?

ಅಲ್ಲ. ಶೇ 54.5 ಎಂಬುದು ಎದುರಿನ ಎಲೆ ಕಂಡವರ ಲೆಕ್ಕ. ಮೇಜಿನಲ್ಲಿ ಕೂತವರು ಎದುರಾಳಿ ಹಾಗೆ ಆಡಬಹುದಾದ ಎಲ್ಲ ಎಲೆಗಳನ್ನೂ ತೂಗಬೇಕು. ಮೂರು ಹತ್ತು, ಒಂಬತ್ತರ ಜೋಡಿ, ದೊಡ್ಡ ಜೋಡಿಗಳು ಎಲ್ಲ ಗುಲಾಮನನ್ನು ಹೊಡೆಯುತ್ತವೆ. ಕಳಾವರ್ ಎಕ್ಕ, ರಾಜ ಅಥವಾ ರಾಣಿ ಹಿಡಿದು ಬಣ್ಣ ಕೂಡಿಸಲು ಕಾದು ಕೂತವರೂ ಆ ಕ್ಷಣಕ್ಕೇ ಮುಂದಿರುತ್ತಾರೆ. ಗುಲಾಮ ಗೆಲ್ಲುವುದು ಬೆರಳೆಣಿಕೆಯ ಕೈಗಳ ಎದುರು. ಅಂದು ಸಿಕ್ಕಿದ್ದು ಅವುಗಳಲ್ಲೊಂದು. ಗೆದ್ದರೂ ಅದು ಕೆಟ್ಟ ಕಾಲ್, ಸೋತರೂ ಆಡಲ್‌ಸ್ಟೀನ್ ಅವರ ಆಲ್-ಇನ್ ಹುಚ್ಚಾಟವಲ್ಲ.

ಅದೇಕೆ? ಬರೀ ಬ್ಲಫ್‌ಗೂ ಮುಂದಿನ ಎಲೆಯಲ್ಲಿ ಗೆಲ್ಲುವ ಆಸೆಯಿರುವ ಅರೆ ಬ್ಲಫ್‌ಗೂ ಇರುವ ಅಂತರ ನೋಡಿ. 1,000 ಇರುವ ಪಾಟ್‌ಗೆ 1,000 ಇಟ್ಟು ಪೂರಾ ಸುಳ್ಳು ಹೇಳಿದರೆ, ಎದುರಾಳಿ ನೂರಕ್ಕೆ 50 ಸಲ ಎಲೆ ಕೆಳಗಿಟ್ಟರೆ ಮಾತ್ರ ಸರಿಸಮ. ಆದರೆ ಟರ್ನ್‌ನಲ್ಲಿ, ಬಣ್ಣ ಕೂಡಲು ಒಂದೇ ಎಲೆ ಬೇಕಾಗಿದ್ದಾಗ ಅದೇ 1,000 ಇಟ್ಟರೆ? ಕಾಣದ 46 ಎಲೆಗಳಲ್ಲಿ 9 ನಿಮ್ಮವು, ಶೇ 19.6. ಅವನು ಕಾಲ್ ಮಾಡಿದರೂ ಸರಾಸರಿ ನಷ್ಟ 1,000 ಅಲ್ಲ, 413. ಹಾಗಾಗಿ ನೂರಕ್ಕೆ ಸುಮಾರು 29 ಸಲ ಅವನು ಬಿಟ್ಟುಕೊಟ್ಟರೂ ಸಾಕು. ‘ಕೈಯಲ್ಲೇನೂ ಇಲ್ಲದೆ ಎಲ್ಲವನ್ನೂ ತಳ್ಳಿಬಿಟ್ಟ’ ಎಂದು ಪರದೆಯ ಮುಂದೆ ಬಾಯಿ ಬಿಡುವ ನಡೆಗಳಲ್ಲಿ ಬಹಳಷ್ಟು ಈ ಜಾತಿಯವು.

ಬ್ಲಫ್ ಎಂದರೆ ಧೈರ್ಯದ ಪ್ರದರ್ಶನ ಎಂಬ ನಂಬಿಕೆಯನ್ನು ಮುರಿದವರು ಗಣಿತಜ್ಞ ಜಾನ್ ವಾನ್ ನಾಯ್‌ಮನ್. 1928ರಲ್ಲಿ ಆಟಗಳ ಗಣಿತಕ್ಕೆ ಅಡಿಪಾಯ ಹಾಕಿದ ಅವರು, ಮುಂದೆ ಒಂದು ಸರಳ ಪೋಕರ್ ಮಾದರಿ ಕಟ್ಟಿ ತೋರಿಸಿದ್ದು ಇದು: ದೊಡ್ಡ ಪಣ ಇಡಬೇಕಾದದ್ದು ಅತ್ಯುತ್ತಮ ಎಲೆಗಳಲ್ಲಿ ಮತ್ತು ಅತಿ ಕೆಟ್ಟ ಎಲೆಗಳಲ್ಲಿ. ನಡುವಿನವುಗಳಲ್ಲಿ ಸುಮ್ಮನಿರಬೇಕು, ಏಕೆಂದರೆ ಅವಕ್ಕೆ ಎಲೆ ಬಿಚ್ಚಿದಾಗ ಸುಮ್ಮನೆ ಗೆಲ್ಲುವ ಯೋಗವಿದೆ. ಅತಿ ಕೆಟ್ಟದ್ದಕ್ಕೆ ಬ್ಲಫ್ ಬಿಟ್ಟರೆ ಬೇರೆ ಗತಿಯಿಲ್ಲ.

ಎಷ್ಟು ಸಲ ಬ್ಲಫ್ ಮಾಡಬೇಕು ಎಂಬುದಕ್ಕೂ ಲೆಕ್ಕವಿದೆ, ಅದು ಸ್ವಲ್ಪ ತಲೆಕೆಳಗಾಗಿ ಕಾಣುತ್ತದೆ. ರಿವರ್‌ನಲ್ಲಿ ಪಾಟ್‌ನ ಅರ್ಧ ಇಟ್ಟರೆ ನಾಲ್ಕು ಪಣಗಳಲ್ಲಿ ಒಂದು ಸುಳ್ಳಾಗಿರಬಹುದು. ಪಾಟ್‌ನಷ್ಟೇ ಇಟ್ಟರೆ ಮೂರರಲ್ಲಿ ಒಂದು. ಪಾಟ್‌ನ ಎರಡರಷ್ಟು ಇಟ್ಟರೆ ಐದರಲ್ಲಿ ಎರಡು! ಪಣ ದೊಡ್ಡದಾದಷ್ಟೂ ಕಾಲ್ ದುಬಾರಿ, ಹಾಗಾಗಿ ಸುಳ್ಳಿಗೆ ಜಾಗ ಹೆಚ್ಚು. ಮೂರೆಲೆ ಆಟದಲ್ಲಿ ಬ್ಲೈಂಡ್ ಮೇಲೆ ಬ್ಲೈಂಡ್ ಏರಿಸಿ ಎದುರಿನವರನ್ನು ಪ್ಯಾಕ್ ಮಾಡಿಸುವವರಿಗೆ ಇದರ ವಾಸನೆ ಗೊತ್ತು, ಪ್ರಮಾಣ ಗೊತ್ತಿರುವುದಿಲ್ಲ.

ಹಿಂದೆ ಪಳಗಿದ ಆಟಗಾರರಲ್ಲೂ ಹೆಚ್ಚಿನವರು ಪಾಟ್ ಮೀರಿದ ಪಣವನ್ನು ಅಪರೂಪಕ್ಕೆ ಬಳಸುತ್ತಿದ್ದರು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರರ ಎದುರು 20 ದಿನ, 1,20,000 ಕೈ ಆಡಿತು. ಸಣ್ಣ ಪಾಟ್‌ಗೆ ಅದರ ಹಲವು ಪಟ್ಟು ಪಣವನ್ನು ಅದು ಎಗ್ಗಿಲ್ಲದೆ ಇಡುತ್ತಿತ್ತು. ಮನುಷ್ಯ ಮಾಡಿದ್ದರೆ ತಿಕ್ಕಲು ಎನ್ನುತ್ತಿದ್ದರು. ಕೊನೆಗೆ ಅದು 17,66,250 ಚಿಪ್ಪು ಮುಂದಿತ್ತು. 2019ರಲ್ಲಿ ಬಂದ ಪ್ಲೂರಿಬಸ್ ಆರು ಜನರ ಮೇಜಿನಲ್ಲೂ ಗೆದ್ದಿತು. ಅದು ಮೆಚ್ಚಿ ಬಳಸಿದ ಒಂದು ನಡೆ, ಹಿಂದಿನ ಸುತ್ತಿನಲ್ಲಿ ಪಣ ಏರಿಸಿದವನಿಗೆ ಅವಕಾಶ ಕೊಡದೆ ಮುಂದಿನ ಸುತ್ತಿನಲ್ಲಿ ತಾನೇ ಮೊದಲು ಪಣ ಇಡುವುದು. ಇದಕ್ಕೆ ‘ಡಾಂಕ್ ಬೆಟ್’ ಎಂದೇ ಹೆಸರು. ಡಾಂಕಿ ಎಂದರೆ ಕತ್ತೆ. ಕತ್ತೆಗಳಿಗೆ ಒಂದು ಕ್ಷಮಾಪಣೆ ಬಾಕಿಯಿದೆ.

ಹಾಗೆಂದು ದೊಡ್ಡ ಪಣವೆಲ್ಲ ಜಾಣತನವಲ್ಲ. ಎಡವುವುದು ಹೆಚ್ಚಾಗಿ ಯಾವ ಎಲೆಯಲ್ಲಿ ಸುಳ್ಳು ಹೇಳುವುದು ಎಂಬಲ್ಲಿ. ಮೇಜಿನ ಮೇಲೆ ಇಸ್ಪೀಟಿನ ರಾಜ, 9, 7 ಇವೆ ಎನ್ನಿ. ಉಳಿದ ಹತ್ತು ಇಸ್ಪೀಟುಗಳಿಂದ ಎದುರಾಳಿಗೆ ಬಣ್ಣ ಕೂಡಿರಬಹುದಾದ ಜೋಡಣೆ 45. ಇಸ್ಪೀಟ್ ಎಕ್ಕ ನಿಮ್ಮ ಕೈಯಲ್ಲಿದ್ದರೆ ಅದು 36ಕ್ಕೆ ಇಳಿಯುತ್ತದೆ, ಎಲ್ಲಕ್ಕಿಂತ ದೊಡ್ಡ ಬಣ್ಣವಂತೂ ಅವನಿಗೆ ಅಸಾಧ್ಯ. ಆ ಒಂಟಿ ಎಕ್ಕ ಬ್ಲಫ್‌ಗೆ ಒಳ್ಳೆಯ ಎಲೆ. ಅವನು ಬಿಸಾಡಬಹುದಾಗಿದ್ದ ಎಲೆಗಳನ್ನೇ ನೀವು ಹಿಡಿದು ಕೂತು ಬ್ಲಫ್ ಮಾಡಿದರೆ ಅವನಲ್ಲಿ ಗಟ್ಟಿ ಎಲೆ ಇರುವ ಸಂಭವ ಏರುತ್ತದೆ. ಅದೇ ಪಣ, ಅದೇ ಧೈರ್ಯ, ಆದರೆ ದಡ್ಡತನ. ಎಲೆ ಕೆಳಗಿಡುವ ಅಭ್ಯಾಸವೇ ಇಲ್ಲದವನ ಎದುರು ಬ್ಲಫ್ ಮಾಡುವುದು ಇನ್ನೊಂದು. ಮನುಷ್ಯರು ಮನಸ್ಸಿನಲ್ಲೇ ಚೀಟಿ ಎತ್ತಲಾರರು ಎಂಬುದೂ ಒಂದು ತೊಡಕು: ನಾಲ್ಕರಲ್ಲಿ ಒಂದು ಸಲ ಎಂದು ಗೊತ್ತಿದ್ದರೂ, ಈಗಷ್ಟೇ ಸೋತವನ ಕೈ ನಾಲ್ಕಕ್ಕೆ ಎರಡು ಸಲ ತುರಿಸುತ್ತದೆ. ಅದಕ್ಕೇ ಕೆಲವರು ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾರೆ. 15ರೊಳಗಿದ್ದರೆ ಬ್ಲಫ್, ಇಲ್ಲದಿದ್ದರೆ ಇಲ್ಲ.

ಒಬ್ಬ ಆಟಗಾರ ನಿಜಕ್ಕೂ ಸರಿಯಾಗಿ ಆಡುತ್ತಿದ್ದಾನೆಯೇ ಎಂದು ಫಲಿತಾಂಶದಿಂದ ತಿಳಿಯಲು ಎಷ್ಟು ಕೈ ಬೇಕು? 100 ಕೈಗೆ ಸರಾಸರಿ 5 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಇಡಲೇಬೇಕಾದ ದೊಡ್ಡ ಪಣ, ಗೆಲುವು ಅಳೆಯುವ ಮಾನ) ಗೆಲ್ಲುವ ಒಳ್ಳೆಯ ಆಟಗಾರನನ್ನು ತೆಗೆದುಕೊಳ್ಳಿ. ಅದೇ 100 ಕೈಯಲ್ಲಿ ಅದೃಷ್ಟದ ಏರಿಳಿತ ಸುಮಾರು 100 ಬಿಗ್ ಬ್ಲೈಂಡ್ ಎಂದು ಹಿಡಿದರೆ, 10,000 ಕೈ ಆಡಿದ ಮೇಲೂ ಅವನು ನಷ್ಟದಲ್ಲಿರುವ ಸಂಭವ ಹೆಚ್ಚುಕಡಿಮೆ ಮೂರರಲ್ಲಿ ಒಂದು. ಕ್ಯಾಸಿನೊದಲ್ಲಿ ಗಂಟೆಗೆ 30 ಕೈ ಎಂದರೆ ಅದು 330 ಗಂಟೆಗೂ ಮೀರಿದ ಆಟ. ಲಕ್ಷ ಕೈ ಆಡಿದರೂ ನೂರಕ್ಕೆ ಆರು ಸಲ ಅದೇ ಗತಿ. ನ್ಯಾಯಾಲಯಗಳಿಗೂ ತಲೆನೋವಾದ ‘ಕೌಶಲವೋ ಅದೃಷ್ಟವೋ’ ಪ್ರಶ್ನೆಯ ಬೇರು ಇಲ್ಲಿದೆ. ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರಾಜ್ಯದ ಆನ್‌ಲೈನ್ ಜೂಜು ನಿಷೇಧದ ತಿದ್ದುಪಡಿಯನ್ನು ರದ್ದುಪಡಿಸಿದಾಗ ಈ ಭೇದಕ್ಕೆ ತೂಕವಿತ್ತು. 2025ರ ಕೇಂದ್ರ ಕಾಯ್ದೆ ಆ ಭೇದವನ್ನೇ ಬದಿಗಿಟ್ಟು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು.

ಏರಿಳಿತ ಇಷ್ಟಿರುವುದರಿಂದಲೇ, ಹುಂಬತನವನ್ನು ಹುಡುಕಬೇಕಾದ ಜಾಗ ಹೆಚ್ಚಾಗಿ ಒಂದು ನಡೆಯಲ್ಲ, ತನ್ನ ಒಟ್ಟು ಹಣದಲ್ಲಿ ಎಷ್ಟನ್ನು ಮೇಜಿಗೆ ತಂದಿದ್ದಾನೆ ಎಂಬುದು. ಲಾಭದ ಆಟವನ್ನೇ ಆಡಿದರೂ ಪ್ರತಿ ಸಲವೂ ಇದ್ದದ್ದೆಲ್ಲವನ್ನೂ ಇಡುವವನು ಒಂದು ದಿನ ಬರಿಗೈ ಆಗುವುದು ಖಚಿತ. ಉಂಗರ್ 1980, 1981, 1997ರಲ್ಲಿ ಮೂರು ಸಲ ವಿಶ್ವ ಪೋಕರ್ ಸರಣಿಯ ಮುಖ್ಯ ಸ್ಪರ್ಧೆ ಗೆದ್ದವರು. ಎಲೆಯ ಮುಂದೆ ಅವರಷ್ಟು ನಿಖರ ಲೆಕ್ಕದವರು ವಿರಳ. ಎದ್ದು ಹೊರಟರೆ ಕುದುರೆ ಜೂಜು, ಕ್ರೀಡಾ ಬೆಟ್ಟಿಂಗ್, ಮಾದಕವಸ್ತು. 1997ರ ಬಹುಮಾನ 10 ಲಕ್ಷ ಡಾಲರ್. ಪ್ರವೇಶ ಶುಲ್ಕ ಕಟ್ಟಿದ್ದ ಬಿಲ್ಲಿ ಬ್ಯಾಕ್ಸ್‌ಟರ್‌ಗೆ ಅರ್ಧ ಹೋಯಿತು, ಉಳಿದರ್ಧ ತಿಂಗಳುಗಳಲ್ಲಿ ಕರಗಿತು. ಮರುವರ್ಷವೂ ಬ್ಯಾಕ್ಸ್‌ಟರ್ ಶುಲ್ಕ ಕಟ್ಟಿದರು. ಉಂಗರ್ ಮೇಜಿಗೆ ಬರಲೇ ಇಲ್ಲ.