ತುಂಗಭದ್ರೆಯ ಮಣ್ಣಿನ ಲೆಕ್ಕ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ರಾಜ್ಯದ ಕಣ್ಣೆಲ್ಲ ಅಲ್ಲಿತ್ತು. ಹರಿಯುವ ನೀರಿನೊಳಗೇ ಸ್ಟಾಪ್‌ಲಾಗ್, ಅಂದರೆ ಕಿಂಡಿಗೆ ಅಡ್ಡವಾಗಿ ಒಂದರ ಮೇಲೊಂದು ಕೂರಿಸುವ ತಡೆಹಲಗೆ, ಇಳಿಸಿ ಆ ಕಿಂಡಿ ಮುಚ್ಚಲು ಸುಮಾರು ಒಂದು ವಾರ ಬೇಕಾಯಿತು. ಭತ್ತ ನಾಟಿ ಮಾಡಿದ್ದ ರೈತರು ಆ ವಾರ ಹೇಗೆ ಕಳೆದರು ಎಂಬುದನ್ನು ಗಂಗಾವತಿ, ಸಿಂಧನೂರು, ಸಿರುಗುಪ್ಪದವರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಅದೇ ಜಲಾಶಯ ಅಷ್ಟರಲ್ಲಾಗಲೇ ಸುಮಾರು 27 ಟಿಎಂಸಿ ಅಡಿ ನೀರು ಹಿಡಿಯುವ ಜಾಗವನ್ನು ಕಳೆದುಕೊಂಡಿತ್ತು. ಅದು ಯಾವುದೋ ಒಂದು ರಾತ್ರಿ ಆದದ್ದಲ್ಲವಾದ್ದರಿಂದ ಯಾರೂ ಓಡಿ ಬರಲಿಲ್ಲ. ಪ್ರತಿ ಮಳೆಗಾಲದ ಕೆಂಪು ನೀರಿನ ಜೊತೆ ಬಂದ ಮಣ್ಣು ಅಲ್ಲಿ ನಿಧಾನವಾಗಿ ಕೂತಿತು. 1953ರಲ್ಲಿ 132 ಟಿಎಂಸಿ ಅಡಿಗೂ ಮಿಕ್ಕಿದ್ದ ಸಾಮರ್ಥ್ಯ 2016ರ ಸಮೀಕ್ಷೆಯ ಹೊತ್ತಿಗೆ 105.788ಕ್ಕೆ ಇಳಿದಿತ್ತು.

ಈ ನದಿಗೆ ಅಡ್ಡಗಟ್ಟೆ ಹೊಸದೇನಲ್ಲ. ವಿಜಯನಗರದ ಅರಸರು ಹಂಪಿಯ ಸುತ್ತ ಬಂಡೆಗಳ ನಡುವೆ ಕಲ್ಲಿನ ಅಣೆಗಳನ್ನು ಕಟ್ಟಿ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳಿಗೆ ನೀರು ತಿರುಗಿಸಿದ್ದರು. ಐನೂರು ವರ್ಷ ಕಳೆದರೂ ಅವುಗಳಲ್ಲಿ ನೀರು ಹರಿಯುತ್ತಿದೆ, ಬಾಳೆ, ಕಬ್ಬು, ಭತ್ತ ಬೆಳೆಯುತ್ತಿವೆ. ಆ ಅಣೆಗಳು ಗಿಡ್ಡ. ನದಿಯನ್ನು ನಿಲ್ಲಿಸುವುದಕ್ಕೆ ಕಟ್ಟಿದವಲ್ಲ, ಒಂದಿಷ್ಟು ನೀರನ್ನು ಪಕ್ಕಕ್ಕೆ ಎಳೆದುಕೊಳ್ಳುವುದಕ್ಕೆ ಕಟ್ಟಿದವು. ಪ್ರವಾಹ ಬಂದರೆ ಮರಳು, ಗರಸು, ರೇವೆ ಎಲ್ಲವೂ ಅಣೆಯ ನೆತ್ತಿಯ ಮೇಲಿಂದ ದಾಟಿ ಮುಂದೆ ಹೋಗುತ್ತಿದ್ದವು. ಕಾಲುವೆಯೊಳಗೆ ನುಗ್ಗಿದ ಹೂಳನ್ನು ಮಾತ್ರ ಬೇಸಿಗೆಯಲ್ಲಿ ಎತ್ತಬೇಕಿತ್ತು. ಕೆರೆಗಳಲ್ಲೂ ಇದೇ ರೂಢಿ. ಬತ್ತಿದ ಕೆರೆಯ ಗೋಡುಮಣ್ಣನ್ನು ಬಂಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುವುದು ನಮ್ಮ ಹಳ್ಳಿಗಳಲ್ಲಿ ಬೇಸಾಯದ ಒಂದು ಭಾಗವೇ ಆಗಿತ್ತು. ಗುಡ್ಡದಿಂದ ಇಳಿದ ಮಣ್ಣು ಕೆರೆಯಲ್ಲಿ ಕೆಲಕಾಲ ನಿಂತು ಮತ್ತೆ ಹೊಲ ಸೇರುತ್ತಿತ್ತು.

ದೊಡ್ಡ ಜಲಾಶಯದ ಯೋಚನೆ ಹುಟ್ಟಿದ್ದು ಬರಗಾಲದಿಂದ. ರಾಯಲಸೀಮೆ ಮತ್ತು ಬಳ್ಳಾರಿಯ ಕ್ಷಾಮ ನೀಗಿಸಲು ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕೆಂದು ಆರ್ಥರ್ ಕಾಟನ್ 1860ರಲ್ಲೇ ಸೂಚಿಸಿದ್ದರು. ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳ ನಡುವಿನ ಮಾತುಕತೆ ದಶಕಗಟ್ಟಲೆ ಎಳೆದು, 1945ರ ಫೆಬ್ರುವರಿಯಲ್ಲಿ ಅಡಿಗಲ್ಲು ಬಿತ್ತು, 1953ರಲ್ಲಿ ನೀರು ನಿಂತಿತು. ನಾರಾಯಣದೇವರ ಕೆರೆಯಂಥ ಊರುಗಳು ಮುಳುಗಿದವು. ಅಲ್ಲಿನ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ವಲ್ಲಭಾಪುರದ ಹಳೆಯ ಅಣೆಯೂ ಹಿನ್ನೀರಿನ ತಳ ಸೇರಿತು. ಹೂಳನ್ನು ದಾಟಿಸಿ ಬಿಡುತ್ತಿದ್ದ ಆ ಅಣೆಯ ಮೇಲೆಯೇ ಈಗ ಹೂಳು ಕೂತಿರಬೇಕು ಎಂದು ನೆನೆದರೆ ಸಂಕಟವಾಗುತ್ತದೆ.

ನದಿ ಮಣ್ಣು ಹೊರುವುದು ತನ್ನ ವೇಗದ ಬಲದಿಂದ. ಮಲೆನಾಡಿನ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹಾವೇರಿಯ ಗಳಗನಾಥದಲ್ಲಿ ವರದೆಯನ್ನು ಸೇರಿಸಿಕೊಂಡು ಬರುವ ಹೊತ್ತಿಗೆ ಅದರಲ್ಲಿ ಗುಡ್ಡದ ಕೆಂಪು ಮಣ್ಣೂ ಇರುತ್ತದೆ, ಬಯಲಿನ ಎರೆಮಣ್ಣೂ ಇರುತ್ತದೆ. ಜಲಾಶಯಕ್ಕೆ ನೀರು ಕೊಡುವ ಪ್ರದೇಶ ಸುಮಾರು 28 ಸಾವಿರ ಚದರ ಕಿಲೋಮೀಟರ್. ಹೂವಿನಹಡಗಲಿಯ ಕಡೆ ಈ ನೀರು ಹಿನ್ನೀರಿಗೆ ಬಂದು ತಾಗಿದ ಕೂಡಲೇ ವೇಗ ಸಾಯುತ್ತದೆ. ಭಾರವಾದ ಮರಳು ಮೊದಲು ಕೆಳಗೆ ಬೀಳುತ್ತದೆ. ಸಣ್ಣ ರೇವೆ ಇನ್ನಷ್ಟು ದೂರ ತೇಲುತ್ತದೆ. ಹಿಟ್ಟಿನಂಥ ಜೇಡಿ ಮಾತ್ರ ಅಣೆಕಟ್ಟಿನ ಗೋಡೆಯವರೆಗೆ ಬರುತ್ತದೆ.

ಅಣೆಕಟ್ಟು ಕಟ್ಟುವಾಗ ಎಂಜಿನಿಯರ್‌ಗಳು ಹೂಳನ್ನು ಮರೆತಿರುವುದಿಲ್ಲ. ಕಾಲುವೆಯ ತೂಬಿಗಿಂತ ಕೆಳಗಿನ ಜಾಗವನ್ನು, ಬಳಕೆಗೆ ಬಾರದ ಆ ‘ಡೆಡ್ ಸ್ಟೋರೇಜ್’ ಅನ್ನು ಹೂಳಿಗೆಂದೇ ಬಿಡುವುದು ಹಳೆಯ ಕ್ರಮ. ಹೂಳು ಉರುಳಿಕೊಂಡು ಬಂದು ತಗ್ಗಿನಲ್ಲಿ ಕೂತೀತು, ಮೇಲಿನ ಜಾಗ ನೀರಿಗೆ ಉಳಿದೀತು ಎಂಬ ಲೆಕ್ಕ ಅದು. ಆದರೆ ನೀರಿನ ವೇಗ ಸಾಯುವುದು ಅಣೆಕಟ್ಟಿನ ಬುಡದಲ್ಲಿ ಅಲ್ಲ, ಹಿನ್ನೀರಿನ ತಲೆಯಲ್ಲಿ. ಹಾಗಾಗಿ ಹೂಳು ತುಂಬಿದ್ದು ಬಹುಮಟ್ಟಿಗೆ ರೈತರ ನೀರು ನಿಲ್ಲಬೇಕಿದ್ದ ಜಾಗದಲ್ಲೇ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಮೈಲುಗಟ್ಟಲೆ ಬಯಲು ತೆರೆದುಕೊಂಡು ಕುರಿ, ದನ ಮೇಯುವುದನ್ನು ಕಾಣಬಹುದು. ನದಿ ತನ್ನ ತಳವನ್ನು ತಾನೇ ಎತ್ತರಿಸಿಕೊಂಡ ಜಾಗ ಅದು.

ಭದ್ರೆಯ ನೆತ್ತಿಯಲ್ಲಿದ್ದ ಕುದುರೆಮುಖದ ಗಣಿಯೇ ಇಷ್ಟಕ್ಕೆಲ್ಲ ಕಾರಣ ಎಂದು ಹೇಳುವವರಿದ್ದಾರೆ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತ ಆ ಗಣಿ ಭದ್ರೆಗೆ ಮಾಡಿದ ಹಾನಿ ದೊಡ್ಡದು. ಆದರೆ ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಅದು ತಾನೂ ಹೂಳು ಹಿಡಿಯುತ್ತದೆ. ತುಂಗಭದ್ರಾ ಜಲಾಶಯದ ಹೂಳಿಗೆ ಗಣಿಯೊಂದನ್ನೇ ಹೊಣೆ ಮಾಡಿದರೆ, ಬದು ಕಿತ್ತ ಹೊಲಗಳು, ಕಡಿದ ಕುರುಚಲು ಕಾಡು, ಹೂಳು ತಡೆಯುತ್ತಿದ್ದ ಸಣ್ಣ ಕೆರೆಗಳ ಹಾಳುಬಿದ್ದ ಏರಿಗಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹೂಳಿನ ಅಳತೆಯೂ ಸುಲಭವಲ್ಲ. 2008ರ ಸಮೀಕ್ಷೆ ಸಾಮರ್ಥ್ಯ 100.855 ಟಿಎಂಸಿ ಅಡಿ ಎಂದಿತು, 2016ರದ್ದು 105.788 ಎಂದಿತು. ಎಂಟು ವರ್ಷದಲ್ಲಿ ಹೂಳು ಕರಗಿ ಹೋಯಿತೆಂದು ಇದರ ಅರ್ಥವಲ್ಲ. ಅಳೆಯುವ ವಿಧಾನ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ. ನೀರಿನ ಒಳಹರಿವು, ಹೊರಹರಿವು ದಿನಬೆಳಗಾದರೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮಣ್ಣಿನ ಒಳಹರಿವು ತಿಳಿಯಲು ಒಮ್ಮೊಮ್ಮೆ ಹತ್ತು ವರ್ಷ ಕಾಯಬೇಕು.

ಜಾಗ ಕಡಿಮೆಯಾದರೆ ಏನಾಗುತ್ತದೆ? ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ಈ ಜಲಾಶಯದಿಂದ ಬಳಕೆಗೆ ಕೊಟ್ಟದ್ದು ವರ್ಷಕ್ಕೆ 212 ಟಿಎಂಸಿ ಅಡಿ, ಆವಿಯಾಗುವುದಕ್ಕೆಂದು ಇನ್ನೂ 18. ನೂರಮೂವತ್ತು ಹಿಡಿಯುವ ಪಾತ್ರೆಯಿಂದ ಇನ್ನೂರಹನ್ನೆರಡು ತೆಗೆಯುವುದು ಮಳೆಗಾಲದಲ್ಲಿ ತುಂಬುತ್ತಲೇ ಬಳಸುವುದರಿಂದ ಸಾಧ್ಯ. ಪಾತ್ರೆ ಸಣ್ಣದಾದಷ್ಟೂ ಜುಲೈ, ಆಗಸ್ಟ್‌ನಲ್ಲಿ ಒಮ್ಮೆಲೇ ಬರುವ ನೀರು ಗೇಟಿನ ಮೇಲಿಂದ ನದಿಗೆ ಹೋಗುತ್ತದೆ, ಜನವರಿಗೆ ಉಳಿಯುವುದು ಕಡಿಮೆಯಾಗುತ್ತದೆ. ಪೆಟ್ಟು ಬೀಳುವುದು ಎರಡನೇ ಬೆಳೆಗೆ, ಅದರಲ್ಲೂ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರು ಕಡೆಯ ರೈತರಿಗೆ. ಮೇಲ್ಭಾಗದವರು ಮಿತಿ ಮೀರಿ ಭತ್ತ ಬೆಳೆಯುತ್ತಾರೆ ಎಂಬ ಅವರ ದೂರಿನಲ್ಲಿ ಸತ್ಯವಿದೆ. ಜಲಾಶಯದ ತಳದ ಹೂಳು ಆ ಜಗಳವನ್ನು ವರ್ಷದಿಂದ ವರ್ಷಕ್ಕೆ ಬಿಗಿ ಮಾಡುತ್ತಿದೆ.

ಹಾಗಾದರೆ ಹೂಳು ಎತ್ತಬಾರದೇ? ಸರ್ಕಾರ ಎತ್ತುವುದಿಲ್ಲವೆಂದು 2017ರ ಬೇಸಿಗೆಯಲ್ಲಿ ರೈತರೇ ಸ್ವಂತ ಖರ್ಚಿನಲ್ಲಿ ಜಲಾಶಯಕ್ಕೆ ಇಳಿದು ಹೂಳೆತ್ತಿದರು. ಆ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಲೆಕ್ಕ ಎದೆಗುಂದಿಸುತ್ತದೆ. ಒಂದು ಟಿಎಂಸಿ ಅಡಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಇಪ್ಪತ್ತೇಳು ಟಿಎಂಸಿ ಹೂಳು ಎಂದರೆ ಸುಮಾರು 76 ಕೋಟಿ ಘನ ಮೀಟರ್. ಒಂದು ಟಿಪ್ಪರ್‌ಗೆ ಹತ್ತು ಘನ ಮೀಟರ್ ಹಿಡಿದರೂ 7.6 ಕೋಟಿ ಲೋಡು. ದಿನಕ್ಕೆ ಸಾವಿರ ಲೋಡು ಹೊಡೆದರೆ ಇನ್ನೂರು ವರ್ಷ ದಾಟುತ್ತದೆ. 1953ರಿಂದ 2016ರವರೆಗಿನ ಸರಾಸರಿಯಲ್ಲೇ ಹೂಳು ಬರುತ್ತಿದ್ದರೆ, ಆಯಾ ವರ್ಷ ಬಂದದ್ದನ್ನು ಮಾತ್ರ ಎತ್ತಲಿಕ್ಕೂ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಲೋಡು ಬೇಕು. ಎತ್ತಿದ್ದನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಅದಾದ ಮೇಲಿನದು.

ಅಣೆಕಟ್ಟಿನ ಕೆಳಗಿನ ಕಥೆಯನ್ನು ನಾವು ಇನ್ನೂ ಕಡಿಮೆ ಕೇಳಿದ್ದೇವೆ. ಮಣ್ಣನ್ನು ಹಿಂದೆ ಬಿಟ್ಟು ಬರುವ ತಿಳಿನೀರನ್ನು ನದಿ ಬಲ್ಲವರು ‘ಹಸಿದ ನೀರು’ ಎನ್ನುತ್ತಾರೆ. ಹೊರಲು ಶಕ್ತಿ ಇದೆ, ಹೊರೆ ಇಲ್ಲ. ಹಾಗಾಗಿ ಅದು ದಾರಿಯಲ್ಲಿ ಸಿಕ್ಕ ಮರಳನ್ನು, ದಂಡೆಯ ಮಣ್ಣನ್ನು ಎತ್ತಿಕೊಳ್ಳುತ್ತದೆ. ಮೆಕ್ಕಲು ನೆಲದ ನದಿಯಾದರೆ ತಳ ಆಳಕ್ಕೆ ಇಳಿಯುತ್ತದೆ. ಜರ್ಮನಿ ಮತ್ತು ಫ್ರಾನ್ಸ್ ನಡುವಿನ ರೈನ್ ನದಿಯಲ್ಲಿ ತಳ ಇಳಿದದ್ದು ಚೆನ್ನಾಗಿ ದಾಖಲಾಗಿದೆ. ಯೋಹಾನ್ ಗಾಟ್‌ಫ್ರೀಡ್ ಟುಲ್ಲಾ ಎಂಬ ಎಂಜಿನಿಯರ್‌ನ ಯೋಜನೆಯಂತೆ 1817ರಿಂದ 1876ರವರೆಗೆ ಅದರ ತಿರುವುಗಳನ್ನು ಕತ್ತರಿಸಿ ಸುಮಾರು 80 ಕಿಲೋಮೀಟರ್ ಗಿಡ್ಡ ಮಾಡಿದರು. ಪ್ರವಾಹ ತಗ್ಗಿತು, ಮಲೇರಿಯಾ ತಗ್ಗಿತು. ಜೊತೆಗೆ ವೇಗ ಹೆಚ್ಚಿದ ನದಿ ಕೆಲವೆಡೆ ತನ್ನ ತಳವನ್ನು ಏಳು ಮೀಟರಿನಷ್ಟು ಕೊರೆಯಿತು, ಅಂತರ್ಜಲ ಕುಸಿದು ದಂಡೆಯ ಕಾಡು ಒಣಗಿತು. ಆಮೇಲೆ ಅಣೆಗಳ ಸಾಲು ಬಂತು. ಕೊನೆಯ ಅಣೆಯಾದ ಇಫೆಜ್‌ಹೈಮ್‌ನ ಕೆಳಗೆ ತಳ ಇನ್ನಷ್ಟು ಇಳಿಯದಂತೆ 1978ರಿಂದ ದೋಣಿಗಳಲ್ಲಿ ಜಲ್ಲಿ, ಮರಳು ತಂದು ನದಿಗೇ ಸುರಿಯುತ್ತಿದ್ದಾರೆ.

ಹಂಪಿಯಲ್ಲಿ ತುಂಗಭದ್ರೆಗೆ ಕೊರೆಯಲು ಮೆಕ್ಕಲು ಎಲ್ಲಿದೆ? ಅಲ್ಲಿ ತಳದಲ್ಲಿರುವುದು ಬಂಡೆ. ಬಂಡೆ ಇಳಿಯುವುದಿಲ್ಲ, ಅದರ ಮೇಲಿನ ಮರಳು ಮಾತ್ರ ತೆಳ್ಳಗಾಗುತ್ತದೆ. ಕೆಳಗೆ ಬಯಲಿನಲ್ಲಿ ಉಳಿದ ಮರಳಿಗೂ ಲಾರಿಗಳ ಕಾಟ. ಒಯ್ದದ್ದನ್ನು ತುಂಬಿಕೊಡಲು ಮೇಲಿನಿಂದ ಬರುತ್ತಿದ್ದ ಮರಳು ಹಿನ್ನೀರಿನ ತಲೆಯಲ್ಲೇ ಕೂತಿದೆ. ಮರಳು ದಂಧೆಯ ಬಗ್ಗೆ ಬರೆಯುವಾಗ ಈ ಅರ್ಧವನ್ನು ನಾವು ಬಿಟ್ಟುಬಿಡುತ್ತೇವೆ.

ಮುಂದೆ ನದಿ ಕೃಷ್ಣೆಯನ್ನು ಸೇರುತ್ತದೆ, ಶ್ರೀಶೈಲದಲ್ಲಿ ಮತ್ತೆ ನಿಲ್ಲುತ್ತದೆ. 308 ಟಿಎಂಸಿ ಅಡಿಗೆ ಕಟ್ಟಿದ ಆ ಜಲಾಶಯದ ಸಾಮರ್ಥ್ಯ ಈಗ ಸುಮಾರು 215. ಅದರ ಕೆಳಗಿನ ನಾಗಾರ್ಜುನಸಾಗರ 408ರಿಂದ 312ಕ್ಕೆ ಇಳಿದಿದೆ. ಇಷ್ಟನ್ನೂ ದಾಟಿ ಬಂಗಾಳ ಕೊಲ್ಲಿಗೆ ತಲುಪುವ ಮಣ್ಣು ಹಿಂದಿನದರ ಒಂದು ಚೂರು. ನದಿ ತಂದು ಹಾಕಿದ ಮಣ್ಣಿನಿಂದಲೇ ಹುಟ್ಟಿದ ಕೃಷ್ಣಾ ಮುಖಜಭೂಮಿಯ ಅಂಚನ್ನು ಕೆಲವು ಕಡೆ ಸಮುದ್ರ ತಿನ್ನುತ್ತಿದೆ. ಅಲ್ಲಿನ ಮೀನುಗಾರ ಕಳೆದುಕೊಳ್ಳುತ್ತಿರುವ ನೆಲಕ್ಕೂ ಹಾವೇರಿಯ ಹೊಲದಿಂದ ತೊಳೆದುಹೋದ ಎರೆಮಣ್ಣಿಗೂ ಸಂಬಂಧವಿದೆ.

ಹೂಳನ್ನು ಹೊರಗೆ ಕಳಿಸುವ ದಾರಿಯನ್ನು ತಡವಾಗಿಯಾದರೂ ಕಂಡುಕೊಂಡವರಿದ್ದಾರೆ. ಚೀನಾದ ಹಳದಿ ನದಿಗೆ ಕಟ್ಟಿದ ಸಾನ್‌ಮೆನ್‌ಶಿಯಾ ಜಲಾಶಯದಲ್ಲಿ 1960ರಲ್ಲಿ ನೀರು ನಿಲ್ಲಿಸಿದರು. ಎರಡೇ ವರ್ಷದಲ್ಲಿ ಹೂಳು ಏರಿದ್ದನ್ನು ಕಂಡು ಬೆಚ್ಚಿ, ಆಮೇಲೆ ಗೋಡೆಯ ಬುಡದ ಕಿಂಡಿಗಳನ್ನು ಮತ್ತೆ ತೆರೆದರು, ಪಕ್ಕದ ಬೆಟ್ಟದಲ್ಲಿ ಸುರಂಗ ತೋಡಿದರು. 1970ರ ದಶಕದಿಂದ ಅಲ್ಲಿನ ಪದ್ಧತಿ ಇಷ್ಟು: ಮಳೆಗಾಲದ ಕೆಸರು ನೀರು ಹೋಗಲಿ, ಆಮೇಲಿನ ತಿಳಿನೀರು ನಿಲ್ಲಲಿ. ನಮ್ಮಲ್ಲಿ ಅದನ್ನು ಹಾಗೇ ಮಾಡಲಾಗದು. ವರ್ಷದ ನೀರೆಲ್ಲ ಬರುವುದೇ ಆ ಕೆಲವು ವಾರಗಳ ಕೆಂಪು ಹೊಳೆಯಾಗಿ. ಅದನ್ನು ಬಿಟ್ಟುಕೊಟ್ಟರೆ ತುಂಬಿಸಿಕೊಳ್ಳಲು ಬೇರೆ ನೀರಿಲ್ಲ.

ಸದ್ಯ ಕರ್ನಾಟಕದ ಮುಂದಿರುವ ಉತ್ತರ ಕೊಪ್ಪಳ ಜಿಲ್ಲೆಯ ನವಲಿಯ ಬಳಿಯ ಸಮತೋಲನ ಜಲಾಶಯ. ಹೂಳಿನಿಂದ ಕಳೆದುಕೊಂಡಷ್ಟು ನೀರನ್ನು ಪ್ರವಾಹದ ದಿನಗಳಲ್ಲಿ ಕಾಲುವೆಯ ಮೂಲಕ ಒಯ್ದು ಅಲ್ಲಿ ನಿಲ್ಲಿಸುವ ಯೋಜನೆ ಅದು. ಆಂಧ್ರ, ತೆಲಂಗಾಣಗಳ ಒಪ್ಪಿಗೆಯ ಮಾತು ವರ್ಷಗಳಿಂದ ನಡೆದಿದೆ. ರೈತರ ಕಷ್ಟ ನೋಡಿದರೆ ಅದು ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ಯೋಜನೆಯ ಖರ್ಚಿನ ಒಂದು ಪಾಲಾದರೂ ಜಲಾಶಯದ ಮೇಲ್ಭಾಗದ ಉಪನದಿಗಳಾದ ವರದೆ ಮತ್ತು ಕುಮದ್ವತಿಯ ದಂಡೆಯ ಹೊಲಗಳ ಬದುಗಳಿಗೆ, ಹಳ್ಳಗಳ ತಡೆಗಳಿಗೆ, ಆ ಸೀಮೆಯ ಹಳೆಯ ಕೆರೆಗಳ ಏರಿಗಳಿಗೆ ಹೋಗಬೇಕು. ನವಲಿಗೆ ಹೋಗುವ ನೀರೂ ಅದೇ ಕೆಂಪು ನೀರು.