ಪದ ಪರಿಚಯ: ಚಿಲ್ಲಿಂಗ್ ಎಫೆಕ್ಟ್, ಅಥವಾ ‘ನಮಗ್ಯಾಕೆ ಮಾರಾಯ’

ಪತ್ರಿಕಾ ಸ್ವಾತಂತ್ರ್ಯದ ತೀರ್ಪುಗಳಲ್ಲಿ ‘ಚಿಲ್ಲಿಂಗ್ ಎಫೆಕ್ಟ್’ ಎಂಬ ಮಾತು ಪದೇಪದೇ ಬರುತ್ತದೆ. ಇದನ್ನು ‘ತಣ್ಣಗಾಗಿಸುವ ಪರಿಣಾಮ’ ಎಂದು ಕನ್ನಡಕ್ಕೆ ತಂದರೆ ಎಡವಟ್ಟು. ನಮ್ಮಲ್ಲಿ ತಣ್ಣಗಿರುವುದು ಒಳ್ಳೆಯದು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತೇವೆ, ಜಗಳ ತಣ್ಣಗಾದರೆ ಉಸ್ಸಪ್ಪ ಅನ್ನುತ್ತೇವೆ. ಈ ಚಳಿ ಬೇರೆ. ಡಿಸೆಂಬರಿನ ಬೆಳಿಗ್ಗೆ ಮುಳ್ಳಯ್ಯನಗಿರಿ ಕಡೆಯ ತೋಟಕ್ಕೆ ಕಾಫಿ ಕೊಯ್ಲಿಗೆ ಹೋದವರ ಬೆರಳು ಮರಗಟ್ಟುತ್ತದಲ್ಲ, ಆ ಚಳಿ. ಕೈಯನ್ನು ಯಾರೂ ಕಟ್ಟಿಹಾಕಿರುವುದಿಲ್ಲ, ಆದರೂ ಹಣ್ಣು ಕೀಳಲು ಬೆರಳು ಬಗ್ಗುವುದಿಲ್ಲ. ‘ನಾಲಿಗೆ ಮರಗಟ್ಟುವುದು’ ಅಂದರೆ ಅರ್ಥಕ್ಕೆ ಹತ್ತಿರವಾದೀತು.

ಒಂದು ಕಾನೂನು, ಇಲ್ಲವೇ ಅಧಿಕಾರದಲ್ಲಿರುವವರ ಒಂದು ನಡೆ, ಒಬ್ಬನನ್ನು ಹಿಡಿಯುತ್ತದೆ. ಅದನ್ನು ಕಂಡ ನೂರು ಮಂದಿ ತಾವಾಗಿಯೇ ಬಾಯಿ ಮುಚ್ಚಿಕೊಳ್ಳುತ್ತಾರೆ. ಚಿಲ್ಲಿಂಗ್ ಎಫೆಕ್ಟ್ ಎನ್ನುವುದು ಆ ನೂರು ಮಂದಿಯ ಮೌನಕ್ಕೆ. ಹೇಳಬಾರದ್ದನ್ನು ಹೇಳದಿರುವುದು ಇದಲ್ಲ. ಅತ್ಯಾಚಾರ ಸಂತ್ರಸ್ತೆಯ ಹೆಸರು ಅಚ್ಚು ಹಾಕದಿರುವುದು ಸಂಯಮ, ಅದು ಕಾನೂನೂ ಹೌದು. ಹೇಳಲು ಪೂರ್ತಿ ಹಕ್ಕಿದ್ದರೂ ನುಂಗಿಕೊಳ್ಳುವುದು ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ನ್ಯಾಯಾಲಯಗಳಲ್ಲಿ, 1950–60ರ ದಶಕದ ಕಮ್ಯುನಿಸ್ಟ್ ಭೀತಿಯ ಕಾಲದ ಮೊಕದ್ದಮೆಗಳಲ್ಲಿ, ಈ ಮಾತು ಬೇರೂರಿತು.

ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ. ಚಿಕ್ಕಮಗಳೂರಿನ ಒಂದು ಸಣ್ಣ ಪತ್ರಿಕೆಯ ಡೆಸ್ಕಿನಲ್ಲಿ ಕೆಲವು ವರ್ಷ ಕೂತಿದ್ದೆ. ಗೋಮಾಳ ಒತ್ತುವರಿಯ ಸುದ್ದಿಯೊಂದು ಬಂತು. ವರದಿಗಾರ ಹುಡುಗ ಹೆಸರು, ಸರ್ವೆ ನಂಬರು, ಎಕರೆ ಎಲ್ಲ ಕೊಟ್ಟಿದ್ದ. ಪಹಣಿಯ ಜೆರಾಕ್ಸನ್ನೂ ಪಿನ್ ಮಾಡಿದ್ದ. ಮೊದಲ ಪ್ರತಿಯಲ್ಲಿ ‘ಇಂಥವರು ಗೋಮಾಳಕ್ಕೆ ಬೇಲಿ ಹಾಕಿದ್ದಾರೆ’ ಎಂದಿತ್ತು. ಎರಡನೆಯದರಲ್ಲಿ ‘ಪ್ರಭಾವಿ ಬೆಳೆಗಾರರೊಬ್ಬರು ಬೇಲಿ ಹಾಕಿದ್ದಾರೆ ಎನ್ನಲಾಗಿದೆ’ ಆಯಿತು. ಮೂರನೆಯದಕ್ಕೆ ‘ತಾಲ್ಲೂಕಿನ ಕೆಲವೆಡೆ ಗೋಮಾಳ ಒತ್ತುವರಿಯಾಗಿರುವ ಬಗ್ಗೆ ದೂರುಗಳಿವೆ’. ಕೊನೆಗೆ ಒಳಪುಟದಲ್ಲಿ, ಅಣಬೆ ಬೇಸಾಯ ತರಬೇತಿಯ ಪ್ರಕಟಣೆಯ ಕೆಳಗೆ, ಎರಡು ಪ್ಯಾರಾ.

“ದಾಖಲೆ ಇದೆಯಲ್ಲ ಸಾರ್” ಅಂದ ಹುಡುಗ.

“ಇದೆ ಮಾರಾಯ. ಕೇಸು ಹಾಕಿದರೆ ವರ್ಷಗಟ್ಟಲೆ ಕೋರ್ಟಿಗೆ ಅಲೆಯೋರು ಯಾರು?”

ಹಾಗೆಂದವನು ನಾನೇ, ಎರಡನೆಯ ಪ್ರತಿ ತಿದ್ದಿದವನೂ ನಾನೇ. ಯಾರೂ ಫೋನ್ ಮಾಡಿರಲಿಲ್ಲ, ಬೆದರಿಸಿರಲಿಲ್ಲ. ಹಿಂದಿನ ವಾರ ಪಕ್ಕದ ತಾಲ್ಲೂಕಿನ ವರದಿಗಾರರೊಬ್ಬರ ಮೇಲೆ ಎಫ್‌ಐಆರ್ ಆಗಿತ್ತು, ಅಷ್ಟೇ. ಅಂದಹಾಗೆ, ಈ ‘ಎನ್ನಲಾಗಿದೆ’ಯಷ್ಟು ಅನುಕೂಲದ ಕ್ರಿಯಾಪದ ಕನ್ನಡದಲ್ಲಿ ಇನ್ನೊಂದಿಲ್ಲ. ಯಾರು ಅಂದರು ಎಂದು ಕೇಳಿದರೆ ಉತ್ತರ ಕೊಡಬೇಕಾದವರೇ ಅದರೊಳಗೆ ಇರುವುದಿಲ್ಲ.

ಸೆನ್ಸಾರ್‌ಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ಪತ್ರಿಕೆಗಳ ಮೇಲೆ ಪೂರ್ವ ಸೆನ್ಸಾರ್ ಬಂದಾಗ, ಹೊಡೆದುಹಾಕಲು ಒಬ್ಬ ಅಧಿಕಾರಿ ಇದ್ದ, ಆದೇಶ ಇತ್ತು. ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು. ಏನೋ ಕಿತ್ತುಕೊಂಡಿದ್ದಾರೆ ಎಂದು ಓದುಗನಿಗೆ ಗೊತ್ತಾಯಿತು. (ಆ ದಿನಗಳ ಕತೆಯೆಲ್ಲ ಬಯಲಾದ ಮೇಲೆ, 1978ರ ನವೆಂಬರಿನ ಉಪಚುನಾವಣೆಯಲ್ಲಿ, ನಮ್ಮ ಚಿಕ್ಕಮಗಳೂರು ವೀರೇಂದ್ರ ಪಾಟೀಲರ ಎದುರು ಇಂದಿರಾ ಗಾಂಧಿಯವರನ್ನೇ ಗೆಲ್ಲಿಸಿ ಕಳಿಸಿತು. ಅದು ಬೇರೆಯದೇ ಹರಟೆ.) ನನ್ನ ಎರಡು ಪ್ಯಾರಾದ ಸುದ್ದಿಯಲ್ಲಿ ಖಾಲಿ ಜಾಗ ಎಲ್ಲೂ ಇರಲಿಲ್ಲ. ಪುಟ ತುಂಬಿತ್ತು.

ನಮ್ಮ ನ್ಯಾಯಾಲಯಗಳು ಈ ಮಾತನ್ನು ಹೆಚ್ಚಾಗಿ ಎತ್ತುವುದು ಗೊತ್ತುಗುರಿಯಿಲ್ಲದ ಪದಗಳಿರುವ ಕಾನೂನು ಎದುರಾದಾಗ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇಂಟರ್‌ನೆಟ್ಟಿನಲ್ಲಿ ‘ಕಿರಿಕಿರಿ’, ‘ಅನನುಕೂಲ’ ಉಂಟುಮಾಡುವಂಥದ್ದನ್ನು ಕಳಿಸಿದರೆ ಮೂರು ವರ್ಷದವರೆಗೆ ಜೈಲು ಎನ್ನುತ್ತಿದ್ದ ಸೆಕ್ಷನ್ ಅದು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಬಾಳ ಠಾಕ್ರೆ ಸತ್ತಾಗ ಬಂದ್ ಯಾಕೆ ಎಂದು ಫೇಸ್‌ಬುಕ್ಕಿನಲ್ಲಿ ಕೇಳಿದ ಯುವತಿಯನ್ನೂ ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಿದ್ದರು. ಕಿರಿಕಿರಿ ಅನ್ನುವುದಕ್ಕೆ ಅಳತೆ ಎಲ್ಲಿದೆ? ಯಾರಿಗೂ ಕಿರಿಕಿರಿ ಆಗದಂತೆ ಬರೆಯಬೇಕೆಂದರೆ ಮದುವೆ ಕರೆಯೋಲೆ ಬರೆಯಬಹುದು. ಅದರಲ್ಲೂ ಹೆಸರು ಬಿಟ್ಟುಹೋದ ಚಿಕ್ಕಪ್ಪನಿಗೆ ಕಿರಿಕಿರಿಯೇ.

2023ರಲ್ಲಿ ಕೇಂದ್ರ ಸರ್ಕಾರ ಐಟಿ ನಿಯಮ ತಿದ್ದಿ, ತನ್ನ ಕೆಲಸಕಾರ್ಯಗಳ ಬಗ್ಗೆ ಬಂದ ಸುದ್ದಿ ನಿಜವೋ ಸುಳ್ಳೋ ಎಂದು ಹೇಳಲು ತನ್ನದೇ ಫ್ಯಾಕ್ಟ್ ಚೆಕ್ ಘಟಕ ಮಾಡಿಕೊಳ್ಳಲು ಹೊರಟಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಅಲ್ಲೂ ಇದೇ ಚಿಲ್ಲಿಂಗ್ ಎಫೆಕ್ಟಿನ ಮಾತು ಬಂತು. ಹಾಗಂತ ಬಿಸಿಲು ಬಂತು ಅಂದುಕೊಳ್ಳಬೇಡಿ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿದ್ದ ರಾಜದ್ರೋಹದ 124ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹೆಸರು ಹೋಗಿ 152ನೇ ಸೆಕ್ಷನ್ ಬಂದಿದೆ. ಗರಿಷ್ಠ ಜೀವಾವಧಿ ಶಿಕ್ಷೆ, ಪದಗಳು ಮೊದಲಿನಷ್ಟೇ ಅಗಲ.

ದೆಹಲಿಯನ್ನೊಂದೇ ಬೈದು ಸುಮ್ಮನಾಗುವಂತಿಲ್ಲ. 2017ರ ಜೂನ್‌ನಲ್ಲಿ ನಮ್ಮದೇ ವಿಧಾನಸಭೆ, ಶಾಸಕರ ವಿರುದ್ಧ ಬರೆದರೆಂದು ಹಕ್ಕುಚ್ಯುತಿಯ (ಸದನದ, ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ತಂದರೆಂಬ ಆರೋಪದ) ಹೆಸರಿನಲ್ಲಿ ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು ಎಂದು ಘೋಷಿಸಿತು. ಅಂಥ ಸುದ್ದಿ ಓದಿದ ತಾಲ್ಲೂಕು ವರದಿಗಾರನಿಗೆ ಶಿಕ್ಷೆ ಜಾರಿಯಾಯಿತೋ ಇಲ್ಲವೋ ಎಂಬುದು ಮುಖ್ಯವಲ್ಲ. ಅವನಿಗೆ ಸಮನ್ಸ್ ಸಾಕು. ವಕೀಲರ ಫೀಸು, ಬಸ್ ಚಾರ್ಜು, ಪ್ರತಿ ವಾಯಿದೆಗೆ ಒಂದು ದಿನದ ದುಡಿಮೆ. ಖುಲಾಸೆಯಾಗುವ ಹೊತ್ತಿಗೆ ಶಿಕ್ಷೆ ಅನುಭವಿಸಿ ಆಗಿರುತ್ತದೆ.

ಪತ್ರಿಕೆ ಬಿಡಿ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ರಸ್ತೆ ಗುಂಡಿಯ ಫೋಟೊ ಹಾಕಿ, ಟೆಂಡರ್ ದುಡ್ಡು ಎಲ್ಲಿ ಹೋಯಿತು ಎಂದು ಕೇಳಿದರು. ಬೇರೆಯವರು ಹಾಕಿದ್ದಕ್ಕೆ ಗುಂಪಿನ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ, ಕೇರಳ ಹೈಕೋರ್ಟುಗಳು ಹೇಳಿವೆ. ನಮ್ಮ ಅಡ್ಮಿನ್‌ಗೂ ಅದನ್ನು ತೋರಿಸಿದೆ. “ಸರಿ ಸಾರ್, ಆದ್ರೂ ನಮಗ್ಯಾಕೆ?” ಅಂದರು. ಮಾರನೆಯ ದಿನದಿಂದ ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು’. ಈಗ ಅಲ್ಲಿ ಬೆಳಿಗ್ಗೆ ಒಂದು ಗುಲಾಬಿ ಹೂವು, ಮಧ್ಯಾಹ್ನ ಕರೆಂಟ್ ಹೋಗುವ ಸೂಚನೆ. ಯಾಕೆ ಹೀಗೆ ಮಾಡಿದಿರಿ ಎಂದು ಗುಂಪಿನಲ್ಲೇ ಕೇಳೋಣವೆಂದರೆ ಮೆಸೇಜ್ ಹಾಕಲು ಬರುವುದಿಲ್ಲ.