ತೆಳ್ಳಗಿದ್ದರೂ ಕೊಲೆಸ್ಟ್ರಾಲ್ ಏರಿದ್ದು ಯಾಕೆ?

ಪ್ರಶ್ನೆ: ನನಗೆ 52 ವರ್ಷ, ಊರು ಅಂಕೋಲಾ. ದಪ್ಪ ಇಲ್ಲ. ಮುಟ್ಟು ನಿಂತು ಎರಡು ವರ್ಷ ಆಯ್ತು. ಈ ಸಲ ಕೊಲೆಸ್ಟ್ರಾಲ್ 232, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 210 ಬಂದಿದೆ. ಯಜಮಾನರ ಎಚ್‌ಡಿಎಲ್ ಕೂಡ 44. ಅವರಿಗೆ ಪರವಾಗಿಲ್ಲ ಅಂದ್ರು. ನಾನು ತೆಂಗಿನಕಾಯಿ ಬಿಟ್ಟರೆ ಸಾಕಾ?

ಉತ್ತರ: ಮೊದಲು ಆ 44ರ ವಿಷಯ. ಎಚ್‌ಡಿಎಲ್ ಅಂದರೆ ಒಳ್ಳೆಯ ಕೊಲೆಸ್ಟ್ರಾಲ್. ಅದು ಗಂಡಸರಿಗೆ 40ಕ್ಕಿಂತ ಕೆಳಗೆ ಇಳಿದರೆ ಕಡಿಮೆ, ಹೆಂಗಸರಿಗೆ 50ಕ್ಕಿಂತ ಕೆಳಗೆ ಇಳಿದರೇ ಕಡಿಮೆ. ಯಜಮಾನರಿಗೆ ಪರವಾಗಿಲ್ಲ ಅನ್ನಿಸಿಕೊಂಡ ಅಂಕಿ ನಿಮಗೆ ಸಾಲದು.

ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಎಷ್ಟು ಅಂತ ನೀವು ಬರೆದಿಲ್ಲ. ಲೆಕ್ಕ ಸುಲಭ. ಟ್ರೈಗ್ಲಿಸರೈಡನ್ನು (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 5ರಿಂದ ಭಾಗಿಸಿ: 42. ಆ 42 ಮತ್ತು ಎಚ್‌ಡಿಎಲ್‌ನ 44, ಎರಡನ್ನೂ 232ರಿಂದ ಕಳೆಯಿರಿ: 146. ಇದು 100ರೊಳಗಿದ್ದರೆ ಚೆಂದ. ಟ್ರೈಗ್ಲಿಸರೈಡ್ 150ರೊಳಗಿರಬೇಕು.

ಏರಿದ್ದು ಯಾಕೆ? ರಕ್ತದಲ್ಲಿರುವ ಎಲ್‌ಡಿಎಲ್ಅನ್ನು ಲಿವರ್ ಎಳೆದುಕೊಳ್ಳಲು ಈಸ್ಟ್ರೋಜನ್ ಹಾರ್ಮೋನ್ ನೆರವಾಗುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಆ ನೆರವು ತಪ್ಪುತ್ತದೆ. ಊಟ ಅದೇ, ತೂಕ ಅದೇ, ಎಲ್‌ಡಿಎಲ್ ಮಾತ್ರ ಜಾಸ್ತಿ. ಹಾಗಂತ ಹೃದಯಕ್ಕೆಂದು ಹಾರ್ಮೋನ್ ಮಾತ್ರೆ ನುಂಗಬೇಡಿ. 2002ರಲ್ಲಿ ಹೊರಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಅದರಿಂದ ಹೃದಯಕ್ಕೆ ಲಾಭ ಕಾಣಲಿಲ್ಲ.

ಇನ್ನು ತೆಂಗಿನಕಾಯಿ. ಪೂರ್ತಿ ಬಿಡಿ ಅಂದ್ರೆ ನಮ್ಮ ಕರಾವಳಿಯಲ್ಲಿ ಯಾರು ಕೇಳ್ತಾರೆ! ಆದರೆ ತೆಂಗಿನೆಣ್ಣೆಯಲ್ಲಿ ಎಲ್‌ಡಿಎಲ್ ಏರಿಸುವ ಕೊಬ್ಬೇ ಜಾಸ್ತಿ. ಎಣ್ಣೆ ಬದಲಿಸಿ, ಪದಾರ್ಥಕ್ಕೆ ಕಾಯಿ ಕಡಿಮೆ ಹಾಕಿ. ಟ್ರೈಗ್ಲಿಸರೈಡ್ ಏರಲು ಬೇರೆ ದಾರಿಗಳಿವೆ: ತಟ್ಟೆ ತುಂಬ ಅನ್ನ, ಸಕ್ಕರೆ ಚಹಾ, ಬೇಕರಿ ತಿಂಡಿ, ನಡೆದಾಡದೆ ಕೂರುವುದು. ಬಂಗಡೆ, ತಾರ್ಲೆ ಧಾರಾಳವಾಗಿ ತಿನ್ನಿ. ರವೆ ಹಚ್ಚಿ ಕರಿಯದೆ ಸಾರು ಮಾಡಿ, ಅಷ್ಟೇ.

ಡಾಕ್ಟರ್ ಹತ್ತಿರ ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದೆ, ಹೆಂಗಸರಲ್ಲಿ ಇದು ಜಾಸ್ತಿ. ಬಸುರಿಯಾಗಿದ್ದಾಗ ಬಿಪಿ ಅಥವಾ ಶುಗರ್ ಬಂದಿತ್ತಾ? ಅದನ್ನೂ ಹೇಳಿ. ಹಳೇ ಕಥೆ ಅಂತ ಸುಮ್ನೆ ಬಿಡಬೇಡಿ, ಅಂಥವರಿಗೆ ಮುಂದೆ ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚು. ಮಾತ್ರೆ ಬೇಕೋ ಬೇಡವೋ ಅನ್ನುವುದನ್ನು ಬಿಪಿ, ಶುಗರ್, ತವರಿನಲ್ಲಿ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿತ್ತಾ ಎನ್ನುವುದನ್ನೆಲ್ಲ ನೋಡಿ ಅವರು ಹೇಳುತ್ತಾರೆ.